ಗೋಡೆಗೆ ತೂತೇ ಇಲ್ಲ, ಮತ್ತೆ ‘ಕನ್ನ’ ಹೇಗಾಯ್ತು?

ಪ್ರಶ್ನೆ: ವಕೀಲ ಸಾಹೇಬ್ರೆ, ನಮ್ಮದು ಆಳಂದ ತಾಲ್ಲೂಕು. ಹುಣ್ಣಿಮೆಗೆ ಮನೆಮಂದಿಯೆಲ್ಲ ಗಾಣಗಾಪುರಕ್ಕೆ ಹೋಗಿದ್ದೆವು. ಮರುದಿನ ಬಂದು ನೋಡಿದರೆ ಬಾಗಿಲ ಬೀಗ ಮುರಿದಿತ್ತು. ಅಲ್ಮಾರಿ ಒಡೆದು ಬಂಗಾರ, ರೊಕ್ಕ ಒಯ್ದಿದ್ದಾರೆ. ಎಫ್‌ಐಆರ್‌ನಲ್ಲಿ 331(4) ಮತ್ತು 305 ಅಂತ ಇದೆ. ಪೇಪರ್‌ನಲ್ಲಿ ‘ರಾತ್ರಿ ಕನ್ನ ಕಳವು’ ಅಂತ ಬಂತು. ನಮ್ಮ ಗೋಡೆಗೆ ಒಂದು ಗೀರೂ ಬಿದ್ದಿಲ್ಲ, ಮತ್ತೆ ಕನ್ನ ಹೇಗೆ? ಈ ಶಬ್ದ ಎಲ್ಲಿಂದ ಬಂತು, ಕಾನೂನಿನಲ್ಲಿ ಅದರ ಅರ್ಥ ಏನು? ಸುಮ್ನೆ ‘ಕಳ್ಳತನ’ ಅಂತ ಬರೆದಿದ್ದರೆ ಏನು ವ್ಯತ್ಯಾಸ ಆಗುತ್ತಿತ್ತು? ಕಲಬುರಗಿ ಗಂಜ್‌ನಲ್ಲಿರುವ ನಮ್ಮ ತಮ್ಮನ ಅಂಗಡಿಗೆ ಇನ್ಶೂರೆನ್ಸ್ ಇದೆ. ಅದರಲ್ಲಿ ‘ಬರ್ಗ್ಲರಿ’ ಅಂತ ಬರೆದಿದ್ದಾರೆ. ಅದೂ ಇದೂ ಒಂದೇನಾ?

ಉತ್ತರ: ಎಫ್‌ಐಆರ್‌ನಲ್ಲಿ ಹಾಕಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂಗಳು ಸರಿಯಾಗಿಯೇ ಇವೆ. ಪೇಪರ್‌ನವರೂ ತಪ್ಪು ಬರೆದಿಲ್ಲ. ಗೋಡೆಗೆ ಗೀರು ಬೀಳದೆ ಕನ್ನ ಆಗುತ್ತದೆ, ಬೀಗ ಮುರಿಯದೆಯೂ ಆಗುತ್ತದೆ, ನಿಮ್ಮದೇ ಬೀಗದ ಕೈ ಹಾಕಿ ತೆಗೆದರೂ ಆಗುತ್ತದೆ. ಮುಚ್ಚಿಟ್ಟ ಮನೆಯೊಳಗೆ ಕಳ್ಳ ಯಾವ ದಾರಿ ಹಿಡಿದು ಬಂದ ಅನ್ನೋದರ ಮೇಲೆ ಈ ಅಪರಾಧ ನಿಂತಿದೆ. ಒಯ್ದದ್ದು ಏನು ಅನ್ನೋದು ಬೇರೆ ಲೆಕ್ಕ, ಅದಕ್ಕೆ 305 ಇದೆ. ಸ್ವಲ್ಪ ಬಿಡಿಸಿ ಹೇಳ್ತೀನಿ, ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಮೊದಲು ಶಬ್ದದ ವಿಚಾರ. ಕನ್ನ ಅಂದರೆ ಕಳ್ಳ ಗೋಡೆಗೆ ಕೊರೆದ ತೂತು. ಇದು ಸಂಸ್ಕೃತದಿಂದ ಬಂದದ್ದಲ್ಲ, ನಮ್ಮ ದ್ರಾವಿಡ ಭಾಷೆಗಳ ಸ್ವಂತ ಶಬ್ದ. ಸೇಡಂ ದಾಟಿ ತೆಲಂಗಾಣಕ್ಕೆ ಹೋದರೆ ತೆಲುಗಿನಲ್ಲಿ ಕನ್ನಂ ಅಂದರೆ ತೂತು ಅಂತಲೇ ಅರ್ಥ. ತಮಿಳಿನಲ್ಲಿ ಗೋಡೆ ಕೊರೆಯುವ ಕಳ್ಳನ ಸಲಕರಣೆಗೆ ಕನ್ನಕ್ಕೋಲ್ ಅಂತಾರೆ. ಕನ್ನ ಹಾಕು, ಕನ್ನ ಕೊರೆ, ಕನ್ನಗಳ್ಳ, ಕನ್ನಗಳವು, ಎಲ್ಲ ಇದರ ಮಕ್ಕಳೇ. ನಮ್ಮ ಭಾಗಕ್ಕೆ ಈ ಶಬ್ದ ಹೊಸದೂ ಅಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಬಸವಣ್ಣನವರ ಜೊತೆಗಿದ್ದ ಶರಣರಲ್ಲಿ ಕನ್ನದ ಮಾರಿತಂದೆ ಅನ್ನುವವರೊಬ್ಬರಿದ್ದರು. ಕನ್ನ ಹಾಕುವುದು ಅವರ ಕಸುಬಾಗಿತ್ತು ಅಂತ ಪ್ರತೀತಿ. ಶರಣರಾದ ಮೇಲೂ ಹೆಸರಿಗೆ ಅಂಟಿದ ಕನ್ನ ಹೋಗಲೇ ಇಲ್ಲ ನೋಡ್ರಿ.

ಬಾಗಿಲು ಬಿಟ್ಟು ಗೋಡೆಗೆ ಯಾಕೆ ಕೈ ಹಾಕ್ತಿದ್ದರು ಅಂತ ಈಗಿನ ಹುಡುಗರು ಕೇಳ್ತಾರೆ. ಹಳ್ಳಿಯ ಹಳೇ ಮನೆ ನೆನಪಿಸಿಕೊಳ್ಳಿ. ಬಾಗಿಲು ದಪ್ಪ ಮರದ್ದು, ಒಳಗಿನಿಂದ ಅಗಳಿ. ಅದನ್ನ ಒಡೆಯಲು ಹೋದರೆ ಓಣಿಯೆಲ್ಲ ಎದ್ದು ಕೂತೀತು. ಗೋಡೆ ಮಾತ್ರ ಮಣ್ಣಿಂದು, ಇಲ್ಲವೇ ಮಣ್ಣಿನಲ್ಲಿ ಕಟ್ಟಿದ ಕಲ್ಲಿಂದು. ನೀರು ಹಾಕಿ ನೆನೆಸಿ, ಹಾರೆಯಿಂದ ಮೆಲ್ಲಗೆ ಕಿತ್ತರೆ ಸದ್ದಿಲ್ಲದೆ ಒಬ್ಬ ಮನುಷ್ಯ ತೂರುವಷ್ಟು ದಾರಿ ಆಗುತ್ತಿತ್ತು. ಅದಕ್ಕೇ ಮನೆಯ ಹಿಂಭಾಗದ ಗೋಡೆಯೇ ಕಳ್ಳನ ಬಾಗಿಲು. ಶೂದ್ರಕನ ಮೃಚ್ಛಕಟಿಕ ನಾಟಕದ ಮೂರನೇ ಅಂಕದಲ್ಲಿ ಶರ್ವಿಲಕ ಅನ್ನೋ ಕಳ್ಳ ಈ ಕಸುಬಿನ ಶಾಸ್ತ್ರವನ್ನೇ ಒಪ್ಪಿಸುತ್ತಾನೆ. ಸುಟ್ಟ ಇಟ್ಟಿಗೆಯಾದರೆ ಹಿರಿದು ತೆಗೆಯಬೇಕಂತೆ, ಹಸಿ ಇಟ್ಟಿಗೆಯಾದರೆ ಕತ್ತರಿಸಬೇಕಂತೆ, ಮಣ್ಣಿನ ಗೋಡೆಗೆ ನೀರು ಹಾಕಬೇಕಂತೆ, ಮರದ್ದಾದರೆ ಸೀಳಬೇಕಂತೆ. ಅಳತೆ ದಾರ ಮರೆತು ಬಂದಿರ್ತಾನೆ, ಹಾಗಾಗಿ ಜನಿವಾರದಿಂದಲೇ ತೂತಿನ ಅಳತೆ ತೆಗೀತಾನೆ! ಸಂಸ್ಕೃತದಲ್ಲಿ ಇಂಥ ತೂತಿಗೆ ಸಂಧಿ ಅಂತಾರೆ. ಹಿಂದಿಯ ಸೇಂಧ್, ಸೇಂಧ್‌ಮಾರಿ ಹುಟ್ಟಿದ್ದು ಅದರಿಂದ.

ನಮ್ಮ ಭಾಗದ ಕೋರ್ಟು ಕಚೇರಿಗಳಲ್ಲಿ ನಿಜಾಮರ ಕಾಲಕ್ಕೆ ಉರ್ದು ನಡೆಯುತ್ತಿತ್ತು. ಅದಕ್ಕೇ ಇಂದಿಗೂ ಫಿರ್ಯಾದಿ, ಪಂಚನಾಮೆ, ಜಬ್ತಿ, ಮುದ್ದೆಮಾಲು ಅಂತ ನಾವು ಲೀಲಾಜಾಲವಾಗಿ ಆಡ್ತೀವಿ. ಉರ್ದುವಿನಲ್ಲಿ ಈ ಅಪರಾಧಕ್ಕೆ ನಕಬ್‌ಜನಿ ಅನ್ನುತ್ತಾರೆ. ನಕಬ್ ಅರಬ್ಬಿ ಶಬ್ದ, ಅದಕ್ಕೂ ಗೋಡೆಯ ತೂತು ಅಂತಲೇ ಅರ್ಥ. ರಾಜಸ್ಥಾನದ ಪೊಲೀಸರು ಈಗಲೂ ಅದನ್ನೇ ಬರೀತಾರೆ. ಹೀಗೆ ಕನ್ನಡ, ತೆಲುಗು, ಹಿಂದಿ, ಉರ್ದು ಎಲ್ಲವೂ ತೂತನ್ನೇ ಹಿಡಿದುಕೊಂಡಿವೆ. ಮರಾಠಿ ಒಂದೇ ಬೇರೆ ದಾರಿ. ಆಳಂದದಿಂದ ಉಮರ್ಗಾ ಕಡೆ ಹೋಗಿ ಅಲ್ಲಿನ ಪೇಪರ್ ತೆಗೆದರೆ ‘ಘರ್‌ಫೋಡಿ’ ಅಂತ ಕಾಣುತ್ತದೆ, ಅಂದರೆ ಮನೆ ಒಡೆಯುವುದು. ಇವತ್ತಿನ ಕಾನೂನಿಗೆ ಇವುಗಳಲ್ಲಿ ಹತ್ತಿರದ್ದು ಮರಾಠಿಯದ್ದೇ, ಯಾಕಂದರೆ ನಮ್ಮ ಕಾನೂನಿನ ಮೂಲ ಹೆಸರು ‘ಹೌಸ್ ಬ್ರೇಕಿಂಗ್’. ಠಾಣೆಯಲ್ಲಿ ‘ಎಚ್‌ಬಿ’, ‘ಎಚ್‌ಬಿಟಿ’ ಅಂತ ಅಂದದ್ದು ಕಿವಿಗೆ ಬಿದ್ದಿರಬೇಕು, ಅದು ಇದೇ. ಕನ್ನಡದಲ್ಲಿ ಬರೆಯುವಾಗ ನಮ್ಮ ಪೊಲೀಸ್ ಇಲಾಖೆ ಅದನ್ನ ‘ಹಗಲು ಕನ್ನ ಕಳವು’, ‘ರಾತ್ರಿ ಕನ್ನ ಕಳವು’ ಅಂತ ಎರಡು ಮಾಡುತ್ತದೆ. ಪೇಪರ್‌ನವರು ಅದನ್ನೇ ಎತ್ತಿಕೊಂಡಿದ್ದಾರೆ. ಹಳೇ ಶಬ್ದ, ಒಳಗಿನ ಅರ್ಥ ಹಿಗ್ಗಿದೆ.

ಬರ್ಗ್ಲರಿ ಅನ್ನೋದು ಇಂಗ್ಲೆಂಡಿನ ಮಾಲು. ಬರ್ಗ್ ಅಂದರೆ ಭದ್ರ ಮಾಡಿಕೊಂಡ ವಾಸದ ಜಾಗ, ಕೋಟೆಮನೆ ಇದ್ದ ಹಾಗೆ. ಜರ್ಮನ್ ಊರುಗಳ ಹೆಸರಿನ ಕೊನೆಗೆ ಬರುವ ಬರ್ಗ್ ಕೂಡ ಇದೇ. ಮಧ್ಯಯುಗದ ಇಂಗ್ಲಿಷ್ ಕೋರ್ಟುಗಳ ದಾಖಲೆ ಲ್ಯಾಟಿನ್‌ನಲ್ಲಿ ಇರುತ್ತಿತ್ತು, ಈ ಶಬ್ದ ಅಲ್ಲಿಂದ ಬಂದಿದೆ. 18ನೇ ಶತಮಾನದ ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ಅದನ್ನ ‘ಬರ್ಗಿ ಲಾಟ್ರೋಸಿನಿಯಂ’ ಅಂತ ಬಿಡಿಸಿದ, ಮನೆಯ ದರೋಡೆ ಅಂತಿಟ್ಟುಕೊಳ್ಳಿ. ಅವನಿಗಿಂತ ನೂರು ವರ್ಷಕ್ಕೂ ಮೊದಲು ಇಂಗ್ಲಿಷ್ ನ್ಯಾಯಾಧೀಶ ಎಡ್ವರ್ಡ್ ಕೋಕ್ ಕೊಟ್ಟ ವ್ಯಾಖ್ಯೆಯಲ್ಲಿ ಎಲ್ಲ ಅಂಶಗಳೂ ಇರಬೇಕು: ರಾತ್ರಿ ಆಗಿರಬೇಕು, ಇನ್ನೊಬ್ಬರ ವಾಸದ ಮನೆ ಆಗಿರಬೇಕು, ಒಡೆದಿರಬೇಕು, ಒಳಗೆ ಹೋಗಿರಬೇಕು, ಕೊಲ್ಲುವ ಅಥವಾ ಬೇರೆ ಘೋರ ಅಪರಾಧ ಮಾಡುವ ಉದ್ದೇಶ ಇರಬೇಕು. ಒಂದು ಕಡಿಮೆಯಾದರೂ ಬರ್ಗ್ಲರಿ ಇಲ್ಲ.

ಈ ‘ಒಡೆಯುವುದು’ ಅನ್ನೋದನ್ನ ಅಲ್ಲಿನ ಕೋರ್ಟುಗಳು ಎಳೆದ ರೀತಿ ಮಜವಾಗಿದೆ. ಬಾಗಿಲು ಹಾಕಿದ್ದರೆ ಸಾಕು, ಬೀಗ ಇರಬೇಕಿಲ್ಲ, ಅದನ್ನ ತೆರೆದರೆ ಒಡೆದಂತೆ. ಬಾಗಿಲು ತೆರೆದೇ ಇಟ್ಟಿದ್ದರೆ ಮಾತ್ರ ಅದು ಮನೆಯವನದೇ ತಪ್ಪು, ಕಳ್ಳ ಒಡೆದಂತಲ್ಲ. ಹೊಗೆಗೂಡಿನಿಂದ ಇಳಿದರೆ? ಹೊಗೆಗೂಡು ಮೇಲೆ ತೆರೆದೇ ಇರುತ್ತದೆ. ಆದರೆ ಅದನ್ನ ಅದಕ್ಕಿಂತ ಜಾಸ್ತಿ ಮುಚ್ಚಲು ಆಗಲ್ಲ, ಹಾಗಾಗಿ ಅದೂ ಒಡೆದಂತೆಯೇ ಅಂತ ತೀರ್ಮಾನ. ನಮ್ಮ ಮಾಳಗಿ ಮನೆಗಳ ಬೆಳಕಿಂಡಿಗೆ ಇದು ಚೆನ್ನಾಗಿ ಹೊಂದುತ್ತದೆ, ಅಲ್ವಾ?

ಮೆಕಾಲೆ ಮುಂದಾಳತ್ವದ ಕಾನೂನು ಆಯೋಗ 1837ರಲ್ಲಿ ನಮ್ಮ ದಂಡ ಸಂಹಿತೆಯ ಕರಡು ಮಾಡಿತು. ಅದು 1860ರಲ್ಲಿ ಪಾಸಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು. ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮಗೆ ಅದು ಅನ್ವಯ ಆಗಿದ್ದು 1951ರಲ್ಲಿ, ಭಾರತಕ್ಕೆ ಸೇರಿದ ಮೇಲೆ. ಆ ಸಂಹಿತೆಯಲ್ಲಿ ಬರ್ಗ್ಲರಿ ಅನ್ನೋ ಶಬ್ದವನ್ನೇ ಬಳಸಲಿಲ್ಲ. ಅದರ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರು, ನನ್ನ ಪ್ರಕಾರ ಇಂಗ್ಲಿಷರ ಮೂಲಕ್ಕಿಂತ ಇದು ಅಚ್ಚುಕಟ್ಟು. ಕೆಟ್ಟ ಉದ್ದೇಶದಿಂದ ಇನ್ನೊಬ್ಬರ ವಶದಲ್ಲಿರುವ ಜಾಗಕ್ಕೆ ಕಾಲಿಟ್ಟರೆ ಅತಿಕ್ರಮ ಪ್ರವೇಶ. ಆ ಜಾಗ ಮನೆಯಾದರೆ ಮನೆಯ ಅತಿಕ್ರಮ ಪ್ರವೇಶ. ಮನೆಯವರಿಗೆ ಗೊತ್ತಾಗದಂತೆ ಅಡಗಿ ಬಂದರೆ ಇನ್ನೊಂದು ಮೆಟ್ಟಿಲು ಮೇಲೆ. ಗೊತ್ತುಮಾಡಿದ ಆರು ರೀತಿಗಳಲ್ಲಿ ಒಂದರಿಂದ ಬಂದರೆ ಅದು ಹೌಸ್ ಬ್ರೇಕಿಂಗ್. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಹಳೆಯ 441ರಿಂದ 462ರ ತನಕದ ಕಲಂಗಳು ಈಗ 329ರಿಂದ 334ರೊಳಗೆ ಕೂತಿವೆ. ಆರು ರೀತಿಗಳು ಇರೋದು 330(2)ರಲ್ಲಿ, ಒಳಗಿನ ಸರಕು ಹಳೆಯದೇ.

ಆ ಆರು ರೀತಿಗಳನ್ನ ಕಾನೂನಿನ ಭಾಷೆ ಬಿಟ್ಟು ಹೇಳ್ತೀನಿ. ಕಳ್ಳ ತಾನೇ ದಾರಿ ಮಾಡಿಕೊಂಡು ಬರೋದು ಒಂದು, ಇದೇ ಹಳೇ ಕನ್ನ, ಇವತ್ತಿಗೂ ಪಟ್ಟಿಯ ಮೊದಲ ಸ್ಥಾನ ಅದಕ್ಕೇ. ಮನುಷ್ಯರು ಓಡಾಡಲೆಂದು ಮಾಡಿರದ ಜಾಗದಿಂದ, ಅಂದರೆ ಕಿಟಕಿ, ಬೆಳಕಿಂಡಿಯಂಥದ್ದರಿಂದ ನುಸುಳೋದು, ಇಲ್ಲವೇ ಗೋಡೆ ಹತ್ತಿ ದಾಟಿ ಬರೋದು ಇನ್ನೊಂದು. ಮನೆಯವರು ತೆರೆಯದ ರೀತಿಯಲ್ಲಿ ಬಾಗಿಲು ತೆರೆಯೋದು, ಬಾಗಿಲ ಸಂದಿನಲ್ಲಿ ತಂತಿ ತೂರಿಸಿ ಚಿಲಕ ಎತ್ತಿದ ಹಾಗೆ. ಬೀಗ ತೆಗೆಯೋದು. ಬಾಗಿಲಲ್ಲಿ ನಿಂತವರನ್ನ ಹೊಡೆದು, ತಳ್ಳಿ, ಹೆದರಿಸಿ ನುಗ್ಗೋದು. ಬಿಗಿದು ಭದ್ರ ಮಾಡಿದೆ ಅಂತ ಗೊತ್ತಿದ್ದೂ ಅದನ್ನ ಬಿಚ್ಚಿ ಬರೋದು. ನಿಮ್ಮದು ನಾಲ್ಕನೆಯದು, ಬೀಗ.

ಗಮನಿಸಿ, ಬೀಗ ‘ತೆಗೆದರೆ’ ಅಂತಿದೆ, ‘ಮುರಿದರೆ’ ಅಂತಿಲ್ಲ. ಕಾನೂನಿನಲ್ಲೇ ಉದಾಹರಣೆ ಕೊಟ್ಟಿದ್ದಾರೆ: ಮನೆಯವನು ಕಳಕೊಂಡ ಬೀಗದ ಕೈ ಕಳ್ಳನಿಗೆ ಸಿಕ್ಕು, ಅದರಿಂದ ಬಾಗಿಲು ತೆಗೆದು ಬಂದರೂ ಹೌಸ್ ಬ್ರೇಕಿಂಗ್. ನಮ್ಮ ಕಡೆ ಹೊಲಕ್ಕೆ ಹೋಗುವಾಗ ಬೀಗದ ಕೈಯನ್ನ ಗೂಡಿನಲ್ಲೋ, ತುಳಸಿಕಟ್ಟೆ ಹಿಂದೋ ಇಟ್ಟು ಹೋಗೋದು ಊರಿಗೆಲ್ಲ ಗೊತ್ತಿರುವ ರಹಸ್ಯ. ಅದನ್ನ ತಗೊಂಡು ಬಾಗಿಲು ತೆಗೆದವನು ‘ನಾನೇನೂ ಒಡೆದಿಲ್ಲ’ ಅಂತ ವಾದಿಸಿದರೆ ನಡೆಯಲ್ಲ. ಇನ್ನೊಂದು ಉದಾಹರಣೆಯಲ್ಲಿ ಗೋಡೆಗೆ ತೂತು ಮಾಡಿ ಬರೀ ಕೈ ಒಳಗೆ ಹಾಕ್ತಾನೆ, ಅಷ್ಟಕ್ಕೇ ಅಪರಾಧ ಪೂರ್ತಿ. ಮೈಯ ಯಾವ ಭಾಗ ಒಳಗೆ ಬಂದರೂ ಪ್ರವೇಶ ಆದಂತೆ. ಬರುವಾಗ ಮಾತ್ರ ಅಲ್ಲ, ಹೋಗುವಾಗಲೂ ಇದು ಲಾಗೂ. ಮದುವೆಗೆ ಬಂದ ನೆಂಟನ ಹಾಗೆ ಒಳಗೆ ಸೇರಿಕೊಂಡು, ಕದ್ದು, ರಾತ್ರಿ ಒಳಗಿನ ಅಗಳಿ ತೆಗೆದು ಜಾರಿಕೊಂಡರೂ ಹೌಸ್ ಬ್ರೇಕಿಂಗ್ ಆಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ, ನಮ್ಮ ಊರುಗಳಿಗೆ ಇದು ಬಹಳ ಹೊಂದುತ್ತದೆ. ಏಪ್ರಿಲ್, ಮೇ ಬಂತಂದರೆ ಕಲಬುರಗಿ ಸೆಕೆಗೆ ಜನ ಹಾಸಿಗೆ ಹೊತ್ತುಕೊಂಡು ಮಾಳಗಿ ಹತ್ತುತ್ತಾರೆ. ಕೆಳಗೆ ಮುಂಬಾಗಿಲು ಗಾಳಿಗೆ ಅಂತ ತೆರೆದೇ ಬಿಟ್ಟಿರ್ತಾರೆ ಅಂತಿಟ್ಟುಕೊಳ್ಳಿ. ಕಳ್ಳ ರಸ್ತೆಯಿಂದ ನೇರ ನಡೆದು ಬಂದು ಬಂಗಾರ ಎತ್ತಿಕೊಂಡು ಹೋದರೆ ಅದು ಹೌಸ್ ಬ್ರೇಕಿಂಗ್ ಅಲ್ಲ, ಆರರಲ್ಲಿ ಯಾವುದಕ್ಕೂ ಅದು ಸಿಗಲ್ಲ. ಅದೇ ಕಳ್ಳ ಪಕ್ಕದ ಮನೆಯ ಮಾಳಗಿ ಹತ್ತಿ, ನಿಮ್ಮ ಮಾಳಗಿಗೆ ದಾಟಿ, ಮೆಟ್ಟಿಲಿಳಿದು ಮನೆಯೊಳಗೆ ಬಂದರೆ ಹೌಸ್ ಬ್ರೇಕಿಂಗ್, ಮೆಟ್ಟಿಲ ಬಾಗಿಲು ತೆರೆದಿದ್ದರೂ ಸರಿ, ಯಾಕಂದರೆ ಗೋಡೆ ಹತ್ತಿ ಬಂದ. ಮನೆ ಅದೇ, ಕಳ್ಳ ಅವನೇ, ಹೋದ ಬಂಗಾರವೂ ಅಷ್ಟೇ. ದಾರಿ ಬದಲಾಯಿತು, ಶಿಕ್ಷೆಯೂ ಬದಲಾಯಿತು. ಚಿಲಕ ಹಾಕದೆ ಸುಮ್ನೆ ಮುಂದೆ ಮಾಡಿದ ಬಾಗಿಲನ್ನ ತಳ್ಳಿಕೊಂಡು ಬಂದರೆ? ಇಂಗ್ಲಿಷ್ ಕಾನೂನಿನಲ್ಲಿ ಅದು ಒಡೆದಂತೆ ಆಗುತ್ತಿತ್ತು, ನಮ್ಮ ಆರು ರೀತಿಗಳಲ್ಲಿ ಅದನ್ನ ಕೂರಿಸೋದು ಕಷ್ಟ. ಆಗ ಪೊಲೀಸರು ‘ಅಡಗಿ ಬಂದ’ ಅನ್ನೋ ಕಡೆ ತಿರುಗಬೇಕು. ಅದಕ್ಕೆ ಕಳ್ಳ ತನ್ನ ಬರವನ್ನ ಮರೆಮಾಡಲು ಏನಾದರೂ ಉಪಾಯ ಮಾಡಿದ್ದ ಅಂತ ತೋರಿಸಬೇಕು. ಬರೀ ಕತ್ತಲಿತ್ತು ಅಂದ ಮಾತ್ರಕ್ಕೆ ಅಡಗಿ ಬಂದಂತೆ ಆಗಲ್ಲ ಅಂತ ಹೈಕೋರ್ಟುಗಳು ಹೇಳಿವೆ.

ಈಗ ನಿಮ್ಮ ಮೂರನೇ ಪ್ರಶ್ನೆ, ಸುಮ್ನೆ ಕಳ್ಳತನ ಅಂದಿದ್ದರೆ ಏನಾಗ್ತಿತ್ತು. ಬರೀ ಕಳ್ಳತನಕ್ಕೆ, ಅಂದರೆ 303(2)ಕ್ಕೆ, 3 ವರ್ಷದ ತನಕ ಶಿಕ್ಷೆ. ಮನೆಯೊಳಗಿನ ಕಳ್ಳತನ 305, ಅದಕ್ಕೆ 7 ವರ್ಷದ ತನಕ. ತೆರೆದ ಬಾಗಿಲಿಂದ ಕದಿಯಲೆಂದೇ ಒಳಗೆ ಬಂದದ್ದಕ್ಕೂ 7 ವರ್ಷದ ತನಕ. ಹಗಲು ಕನ್ನ ಹಾಕಿ ಬಂದದ್ದು ಕದಿಯೋದಕ್ಕೆ ಅಂತಾದರೆ 331(3), 10 ವರ್ಷದ ತನಕ. ರಾತ್ರಿಯಾದರೆ 331(4), 14 ವರ್ಷದ ತನಕ. ಇವೆಲ್ಲ ಗರಿಷ್ಠ ಮಿತಿಗಳು, ಕೋರ್ಟು ಅಷ್ಟೂ ಕೊಡುತ್ತದೆ ಅಂತ ಅಲ್ಲ. ಆದರೂ ಬರೀ ಕಳ್ಳತನ ಅಂತ ಬರೆದು ಕೈತೊಳೆದುಕೊಂಡಿದ್ದರೆ ನಿಮ್ಮ ಪ್ರಕರಣದ ತೂಕವೇ ಹೋಗುತ್ತಿತ್ತು. ಅಲ್ಮಾರಿ ಒಡೆದದ್ದಕ್ಕೂ ಬೇರೆ ಕಲಂ ಇದೆ, 334, ಮುಚ್ಚಿಟ್ಟ ಪೆಟ್ಟಿಗೆ ತಿಜೋರಿಗಳನ್ನ ಕೆಟ್ಟ ಉದ್ದೇಶದಿಂದ ಒಡೆಯೋದು. 331(4) ಇರುವಾಗ ಅದು ಇದ್ದರೂ ಇಲ್ಲದಿದ್ದರೂ ದೊಡ್ಡ ಫರಕು ಬೀಳಲ್ಲ.

ಹಗಲಿಗೂ ರಾತ್ರಿಗೂ ಯಾಕೆ ಇಷ್ಟು ಅಂತರ ಅಂತ ಕೇಳಬಹುದು. ಇದು ಬಹಳ ಹಳೇ ವಿಚಾರ. ಮನುಸ್ಮೃತಿಯ 9ನೇ ಅಧ್ಯಾಯದಲ್ಲಿ ರಾತ್ರಿ ಗೋಡೆ ಕೊರೆದು ಕದಿಯುವವರ ಕೈ ಕತ್ತರಿಸಿ ಶೂಲಕ್ಕೇರಿಸಬೇಕು ಅಂತಿದೆ. ಯೆಹೂದ್ಯರ ಹಳೇ ಧರ್ಮಶಾಸ್ತ್ರದಲ್ಲಿ ಗೋಡೆ ಕೊರೆಯುತ್ತಿರುವ ಕಳ್ಳನನ್ನ ಹೊಡೆದು ಅವನು ಸತ್ತರೆ ಕೊಲೆಯ ಪಾಪ ಇಲ್ಲ, ಸೂರ್ಯ ಹುಟ್ಟಿದ ಮೇಲಾದರೆ ಪಾಪ ಇದೆ. ರೋಮನ್ನರ ಹಳೇ ಕಾನೂನೂ ರಾತ್ರಿಯ ಕಳ್ಳನನ್ನ ಬೇರೆ ಮಾಡಿ ನೋಡುತ್ತಿತ್ತು. ಕಾರಣ ಸರಳ. ರಾತ್ರಿ ಮನೆಮಂದಿ ಮಲಗಿರ್ತಾರೆ, ಬಂದವನು ಒಬ್ಬನೋ ನಾಲ್ವರೋ, ಕೈಯಲ್ಲಿ ರಾಡ್ ಇದೆಯೋ ಮಚ್ಚಿದೆಯೋ ಕಾಣಲ್ಲ, ಕೂಗಿದರೆ ಬರಲು ಓಣಿಯಲ್ಲಿ ಯಾರೂ ಎದ್ದಿರಲ್ಲ.

ರಾತ್ರಿ ಅಂದರೆ ಎಷ್ಟು ಹೊತ್ತಿನಿಂದ ಅನ್ನೋದರಲ್ಲಿ ಇಂಗ್ಲಿಷರು ಬಹಳ ಒದ್ದಾಡಿದರು. ಮನುಷ್ಯನ ಮುಖದ ಗುರುತು ಹತ್ತುವಷ್ಟು ಹಗಲಿನ ಬೆಳಕು ಇದ್ದರೆ ರಾತ್ರಿ ಅಲ್ಲ ಅಂತ ಮೊದಲು ಹೇಳಿದರು. ಹಾಗಾದರೆ ಬೆಳದಿಂಗಳಲ್ಲಿ ಮುಖ ಕಾಣುತ್ತಲ್ಲ? ಬೆಳದಿಂಗಳನ್ನ ಲೆಕ್ಕಕ್ಕೆ ಹಿಡಿಯಬಾರದು, ಹಿಡಿದರೆ ನಡುರಾತ್ರಿಯ ಎಷ್ಟೋ ಕಳ್ಳರು ಪಾರಾಗ್ತಾರೆ ಅಂತ ಬ್ಲ್ಯಾಕ್‌ಸ್ಟನ್ ಬರೆದ. ಹುಣ್ಣಿಮೆ ರಾತ್ರಿ ಕಳುವಾದ ನಿಮಗೆ ಇದು ಸಮಾಧಾನ ತರಬಹುದು! ಕೊನೆಗೆ ಬೇಸತ್ತು 1837ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6 ಅಂತ ಗಡಿಯಾರಕ್ಕೆ ಕಟ್ಟಿದರು. 1968ರ ಕಾನೂನಿನಲ್ಲಿ ರಾತ್ರಿಯ ಷರತ್ತು, ಒಡೆಯುವ ಷರತ್ತು ಎರಡನ್ನೂ ಕಿತ್ತು ಹಾಕಿದರು. ನಾವು ಮಾತ್ರ ಮೊದಲಿಂದಲೂ ಸೂರ್ಯನನ್ನೇ ಹಿಡಿದಿದ್ದೇವೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ಅಷ್ಟೇ. ಇದರಿಂದ ಒಂದು ತಮಾಷೆ ಆಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಆರೂವರೆಗೆ ಕಲಬುರಗಿಯಲ್ಲಿ ಬೀಗ ಮುರಿದರೆ ಅದು ರಾತ್ರಿ, 14 ವರ್ಷದ ಲೆಕ್ಕ. ಜೂನ್‌ನಲ್ಲಿ ಅದೇ ಆರೂವರೆಗೆ ಸೂರ್ಯ ಇನ್ನೂ ಮೇಲಿರ್ತಾನೆ, 10 ವರ್ಷದ ಲೆಕ್ಕ.

ನಿಮ್ಮ ಪ್ರಕರಣದಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲೇ. ನೀವು ಒಂದು ದಿನ ಹೋಗಿ ಮರುದಿನ ಬಂದವರು. ಬೀಗ ಹಗಲು ಮುರೀತೋ ರಾತ್ರಿಯೋ ಅಂತ ನೀವು ನೋಡಿಲ್ಲ. ಪೊಲೀಸರು ರಾತ್ರಿ ಅಂತ ಬರೆದಿದ್ದಾರೆ ನಿಜ, ಆದರೆ ವಿಚಾರಣೆಯಲ್ಲಿ ಅದನ್ನ ಸಾಬೀತು ಮಾಡೋದು ಅವರ ಹೊಣೆ, ಎದುರು ವಕೀಲ ಹಿಡಿಯೋದೇ ಈ ಎಳೆಯನ್ನ. ಮೊದಲ ದಿನ ಕತ್ತಲಾದ ಮೇಲೆ ನಿಮ್ಮ ಬಾಗಿಲ ಬೀಗ ಸರಿ ಇದ್ದದ್ದನ್ನ ನೋಡಿದವರು ಯಾರು? ಬೆಳಗಾಗುವ ಮೊದಲೇ ಅದು ಮುರಿದದ್ದನ್ನ ನೋಡಿದವರು ಯಾರು? ಎದುರುಮನೆಯವರೋ, ನಸುಕಿನಲ್ಲಿ ಹಾಲು ಹಾಕುವವರೋ ಇರಬಹುದು. ಅಂಥವರ ಹೇಳಿಕೆ ದಾಖಲಾಗಿದೆಯಾ ಅಂತ ತನಿಖೆ ಮಾಡುವ ಪಿಎಸ್‌ಐ ಹತ್ತಿರ ವಿಚಾರಿಸಿ. ಓಣಿಯಲ್ಲಿ ಯಾರದಾದರೂ ಸಿಸಿ ಕ್ಯಾಮೆರಾ ಇದ್ದರೆ ಬೇಗ ಹೇಳಿ, ಹಳೇ ದೃಶ್ಯಗಳ ಮೇಲೆ ಹೊಸದು ಬಂದು ಕೂರುತ್ತದೆ. ಮುರಿದ ಬೀಗ ಮತ್ತು ಕೊಂಡಿ ಪಂಚನಾಮೆಯಲ್ಲಿ ಜಬ್ತಿ ಆಗಿರಬೇಕು. ಎಷ್ಟೋ ಮಂದಿ ಪೊಲೀಸರು ಬರುವ ಮೊದಲೇ ಹೊಸ ಬೀಗ ಹಾಕಿ ಹಳೇದನ್ನ ತಿಪ್ಪೆಗೆ ಎಸೆದಿರ್ತಾರೆ. ಅದು ಹೋಯಿತೆಂದರೆ ಬೀಗ ಇತ್ತು, ಅದನ್ನ ಮುರಿದರು ಅನ್ನೋದಕ್ಕೆ ನಿಮ್ಮ ಬಾಯಿಮಾತು ಒಂದೇ ಉಳಿಯುತ್ತದೆ.

ರಾತ್ರಿಗೆ ಇನ್ನೊಂದು ಕಡೆ ಮಹತ್ವ ಇದೆ. ನೀವು ಕೇಳಿಲ್ಲ, ಆದರೂ ಹೇಳಬೇಕು, ಹಳ್ಳಿಗಳಲ್ಲಿ ಕಳ್ಳರ ಸುದ್ದಿ ಹಬ್ಬಿತೆಂದರೆ ಯುವಕರು ಬಡಿಗೆ ಹಿಡಿದು ಗಸ್ತು ತಿರುಗ್ತಾರೆ. ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ಬಂದವನ ಎದುರು ಆತ್ಮರಕ್ಷಣೆಯ ಹಕ್ಕು ಅವನ ಪ್ರಾಣ ಹೋಗುವ ಮಟ್ಟಕ್ಕೂ ಹೋಗಬಹುದು ಅಂತ 41ನೇ ಕಲಂ ಹೇಳುತ್ತದೆ. ಇದನ್ನ ಅರ್ಧ ಕೇಳಿಸಿಕೊಂಡವರೇ ಜಾಸ್ತಿ. ಅಗತ್ಯಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ ಅಂತ 37ನೇ ಕಲಂ ತಡೆಯುತ್ತದೆ. 43ರ ಪ್ರಕಾರ ಈ ಹಕ್ಕು ಕಳ್ಳ ಮನೆಯೊಳಗೆ ಇರುವ ತನಕ ಮಾತ್ರ. ಅವನು ಹೊರಗೆ ಓಡಿದ ಮೇಲೆ ಅಟ್ಟಿಸಿಕೊಂಡು ಹೋಗಿ ಹಿಡಿಯಿರಿ, ಪೊಲೀಸರಿಗೆ ಕೊಡಿ. ಗಿಡಕ್ಕೆ ಕಟ್ಟಿ ಬಡಿದರೆ ಆಗ ಅಪರಾಧಿ ನೀವೇ. ದಾರಿಹೋಕನನ್ನ ಅನುಮಾನದ ಮೇಲೆ ಬಡಿದವರಿಗಂತೂ ಈ ಕಲಂ ಹತ್ತಿರಕ್ಕೂ ಬರಲ್ಲ.

ಮನೆ ಅಂದರೆ ಯಾವುದು ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ವಾಸದ ಕಟ್ಟಡ, ಡೇರೆ, ಹಡಗು, ಪೂಜೆಯ ಕಟ್ಟಡ, ಸಾಮಾನು ಜೋಪಾನ ಮಾಡುವ ಕಟ್ಟಡ, ಎಲ್ಲ ಸೇರುತ್ತವೆ. ಹಾಗಾಗಿ ಕಬ್ಬು ಕಡಿಯಲು ಬಂದವರು ಬೀದರ್ ಕಡೆ ಹೊಲದಲ್ಲಿ ಹೂಡಿದ ಡೇರೆಯೂ ಕಾನೂನಿನ ಕಣ್ಣಿಗೆ ಮನೆಯೇ. ಗುಡಿಯ ಬೀಗ ಮುರಿದು ಹುಂಡಿ ಒಯ್ದರೂ ಇದೇ ಕಲಂ. ತೊಗರಿ ಚೀಲ ತುಂಬಿಟ್ಟ ಗೋದಾಮು, ಮೋಟಾರು ಇಟ್ಟು ಬೀಗ ಹಾಕಿದ ಹೊಲದ ಶೆಡ್ ಕೂಡ ಹೌದು. ಕಣದಲ್ಲಿ ಬಯಲಿಗೆ ಬಿದ್ದ ತೊಗರಿ ರಾಶಿಯಿಂದ ಚೀಲ ತುಂಬಿಕೊಂಡು ಹೋದರೆ ಮಾತ್ರ ಅದು ಬರೀ ಕಳ್ಳತನ. ಇನ್ನೊಂದು, ಮನೆ ಯಾರ ಹೆಸರಲ್ಲಿದೆ ಅನ್ನೋದು ಇಲ್ಲಿ ಮುಖ್ಯ ಅಲ್ಲ, ಯಾರ ವಶದಲ್ಲಿದೆ ಅನ್ನೋದು ಮುಖ್ಯ. ಬಾಡಿಗೆದಾರ ಇಲ್ಲದಾಗ ಅವನನ್ನ ಸತಾಯಿಸಲು ಬೀಗ ಒಡೆದು ಒಳಹೋಗುವ ಮಾಲೀಕರು ಇದನ್ನ ನೆನಪಿಟ್ಟುಕೊಂಡರೆ ಒಳ್ಳೇದು.

ಕೊನೆಗೆ ನಿಮ್ಮ ತಮ್ಮನ ಇನ್ಶೂರೆನ್ಸ್. ಎರಡೂ ಒಂದೇ ಅಲ್ಲ, ಇಲ್ಲೇ ಬಹಳ ವ್ಯಾಪಾರಿಗಳು ಎಡವೋದು. ಬರ್ಗ್ಲರಿ ಅನ್ನೋ ಶಬ್ದ ನಮ್ಮ ಸಂಹಿತೆಯಲ್ಲಿ ಇಲ್ಲ, ಆದರೆ ವಿಮಾ ಪಾಲಿಸಿಯಲ್ಲಿ ಇದೆ. ಅಲ್ಲಿ ಅದರ ಅರ್ಥ ಪಾಲಿಸಿಯಲ್ಲಿ ಏನು ಬರೆದಿದೆಯೋ ಅದೇ. ಸಾಮಾನ್ಯವಾಗಿ ‘ಬಲಪ್ರಯೋಗದಿಂದ, ಹಿಂಸೆಯಿಂದ ಒಳಗೆ ನುಗ್ಗಿ ಅಥವಾ ಹೊರಗೆ ಹೋಗಿ ಮಾಡಿದ ಕಳ್ಳತನ’ ಅನ್ನೋ ಅರ್ಥದ ಸಾಲು ಇರುತ್ತದೆ. 2004ರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಒಂದು ಪಾಲಿಸಿಯ ಪ್ರಕರಣದಲ್ಲಿ, ಬಲಪ್ರಯೋಗ ಅಥವಾ ಹಿಂಸೆ ನಡೆದದ್ದು ಕಾಣದಿದ್ದರೆ ಕಂಪನಿ ದುಡ್ಡು ಕೊಡಬೇಕಿಲ್ಲ ಅಂತ ತೀರ್ಪು ಕೊಟ್ಟಿದೆ. ಪಾಲಿಸಿಯ ಮಾತು ಕಠಿಣವಾಗಿದೆ ಅಂತ ಕೋರ್ಟು ಅದನ್ನ ತಿದ್ದಿ ಓದಲು ಬರಲ್ಲ. ಅದಕ್ಕೇ ಬೀಗದ ಕೈ ಕದ್ದು ಅಂಗಡಿ ತೆಗೆದರೆ ಪೊಲೀಸರ ಪುಸ್ತಕದಲ್ಲಿ ಅದು ಕನ್ನ ಕಳವು, ಕಂಪನಿಯ ಪುಸ್ತಕದಲ್ಲಿ ಅದು ಬರ್ಗ್ಲರಿ ಅಲ್ಲದೇ ಇರಬಹುದು. ಅಂಗಡಿಯ ಹುಡುಗನೇ ಹಗಲು ಹೊತ್ತು ಮಾಲು ಸಾಗಿಸಿದರೂ ಹೀಗೇ. ಬರೀ ಕಳ್ಳತನಕ್ಕೂ ರಕ್ಷಣೆ ಬೇಕಾದರೆ ಅದನ್ನ ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು, ಅದಕ್ಕೆ ಕಂತು ಸ್ವಲ್ಪ ಜಾಸ್ತಿ. ತಮ್ಮನಿಗೆ ಹೇಳಿ, ಏಜೆಂಟ್ ಕೊಟ್ಟ ಒಂದು ಹಾಳೆಯ ಸರ್ಟಿಫಿಕೇಟ್ ಸಾಲದು, ಪೂರ್ತಿ ಪಾಲಿಸಿ ತರಿಸಿಕೊಂಡು ವ್ಯಾಖ್ಯೆಗಳ ಪುಟ ಓದಲಿ. ಅರ್ಥ ಆಗದಿದ್ದರೆ ಆ ಪುಟದ ಫೋಟೋ ಕಳಿಸಲಿ, ನೋಡಿ ಹೇಳ್ತೀನಿ.